ಒಂದು ತೂಬು, ಹಲವು ಗದ್ದೆ

ಪ್ರಮಾಣಪತ್ರದ ಮೇಲಿನ ಒಂದು ಸಂಖ್ಯೆ ವಿದ್ಯಾರ್ಥಿಗೆ ಹತ್ತು ಕಚೇರಿಗಳ ಅಲೆದಾಟ ತಪ್ಪಿಸಬಲ್ಲದು. ಆ ಸಂಖ್ಯೆಯ ಹಿಂದೆ ಅಡಗಿದ ಒಂದು ತಪ್ಪು ಹತ್ತು ಕಡೆಯೂ ತಲೆ ಎತ್ತಬಲ್ಲದು. ಸರ್ಕಾರದ ಕಂಪ್ಯೂಟರುಗಳು ಒಂದರೊಡನೊಂದು ಮಾತನಾಡುವುದು ಹೇಗೆ? ಆ ವ್ಯವಸ್ಥೆ ಕಟ್ಟುವವರು ಮರೆಯಬಾರದ್ದೇನು?

‘ಜೆರಾಕ್ಸ್ ಎಷ್ಟು ಪ್ರತಿ ತೆಗೆಸಲಿ?’

ಮಕ್ಕಳನ್ನು ಕಾಲೇಜಿಗೆ ಸೇರಿಸಿದ ತಂದೆತಾಯಿಯರಿಗೆ ಈ ಪ್ರಶ್ನೆ ಹೊಸದಲ್ಲ. ಜಾತಿ ಪ್ರಮಾಣಪತ್ರ ಐದು ಪ್ರತಿ, ಆದಾಯದ್ದು ಐದು, ಅಂಕಪಟ್ಟಿ ಹತ್ತು, ಪಹಣಿ ಎರಡು. ಎಲ್ಲದರ ಮೇಲೂ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು. ಕಾಲೇಜಿಗೊಂದು, ಹಾಸ್ಟೆಲಿಗೊಂದು, ವಿದ್ಯಾರ್ಥಿವೇತನಕ್ಕೊಂದು. ತಮಾಷೆಯೆಂದರೆ ಕಾಗದ ಕೊಡುವುದೂ ಸರ್ಕಾರವೇ, ಕೇಳುವುದೂ ಸರ್ಕಾರವೇ. ಕಂದಾಯ ಇಲಾಖೆ ಬರೆದುಕೊಟ್ಟದ್ದನ್ನು ಸಮಾಜ ಕಲ್ಯಾಣ ಇಲಾಖೆಗೆ ಮುಟ್ಟಿಸುವ ಅಂಚೆಯವನ ಕೆಲಸ ಮಾತ್ರ ವಿದ್ಯಾರ್ಥಿಯದು. ಅದೂ ಸ್ವಂತ ಖರ್ಚಿನಲ್ಲಿ!

ಕೆಂಚನಗುಡ್ಡದಂಥ ಊರಿಗೆ ಈ ಖರ್ಚು ಸಣ್ಣದಲ್ಲ. ತುಂಗಭದ್ರೆಯ ದಂಡೆಯಲ್ಲಿರುವ ಈ ಊರು ಸಿರುಗುಪ್ಪ ತಾಲ್ಲೂಕಿಗೆ ಸೇರಿದ್ದು. ಜಿಲ್ಲಾ ಕೇಂದ್ರ ಬಳ್ಳಾರಿಯು ಸಿರುಗುಪ್ಪದಿಂದ ಐವತ್ತು ಚಿಲ್ಲರೆ ಕಿಲೋಮೀಟರು. ಕಾಲೇಜು ಪ್ರವೇಶದ ದಿನಗಳೂ ಮುಂಗಾರಿನ ಗದ್ದೆ ಕೆಲಸದ ದಿನಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಒಂದು ಮೊಹರಿಗಾಗಿ ಒಂದು ದಿನ ಕಳೆದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು.

ಈ ಅಲೆದಾಟ ಈಗ ಸಾಕಷ್ಟು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಕಡಿಮೆಯಾದದ್ದು ಹೇಗೆ, ಪೂರ್ತಿ ನಿಲ್ಲದಿರುವುದೇಕೆ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರವಿರುವುದು ‘ವೆಬ್ ಸೇವೆ’ ಎಂಬ ಒಂದು ಏರ್ಪಾಟಿನಲ್ಲಿ. ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಈ ಹೆಸರು ಕೇಳಿರುತ್ತಾರೆ. ಅದರಿಂದ ನಿಜವಾಗಿ ಲಾಭನಷ್ಟ ಅನುಭವಿಸುವ ಅವರ ತಂದೆತಾಯಿಯರು ಕೇಳಿರುವುದು ಅಪರೂಪ.

ಕಾಗದದ ಬದಲು ಪ್ರಶ್ನೆ

ಕೆಂಚನಗುಡ್ಡದಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಾಳೆಂದು ಕಲ್ಪಿಸಿಕೊಳ್ಳಿ. ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ನಾಡಕಚೇರಿಯಿಂದ ಅವಳಿಗೆ ಸಿಕ್ಕ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗುವ ಉದ್ದನೆಯ ಸಂಖ್ಯೆಯೊಂದು ಅಚ್ಚಾಗಿದೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ರಾಜ್ಯ ವಿದ್ಯಾರ್ಥಿವೇತನ ತಾಣದಲ್ಲಿ ಅವಳು ತುಂಬುವುದು ಆ ಸಂಖ್ಯೆಯನ್ನು ಮಾತ್ರ. ಕೂಡಲೇ ವಿದ್ಯಾರ್ಥಿವೇತನದ ಕಂಪ್ಯೂಟರು ನಾಡಕಚೇರಿ ವ್ಯವಸ್ಥೆಯ ಕಂಪ್ಯೂಟರನ್ನು ಕೇಳುತ್ತದೆ: ಈ ಸಂಖ್ಯೆಯ ಪ್ರಮಾಣಪತ್ರ ನಿಮ್ಮದೇ? ಯಾರಿಗೆ ಕೊಟ್ಟಿದ್ದೀರಿ? ಯಾವ ಜಾತಿ, ಯಾವ ಪ್ರವರ್ಗ? ಆದಾಯವೆಷ್ಟು? ಕೆಲವೇ ಕ್ಷಣಗಳಲ್ಲಿ ಉತ್ತರ ಬರುತ್ತದೆ. ಮೊಹರಿನ ಅಗತ್ಯವಿಲ್ಲ. ಕಾಗದ ನಕಲಿಯೋ ಅಸಲಿಯೋ ಎಂದು ಬೆಳಕಿಗೆ ಹಿಡಿದು ನೋಡುವ ಅಗತ್ಯವೂ ಇಲ್ಲ. ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ಸೀಟು ಹಂಚುವ ಮುನ್ನ ಅದೇ ನಾಡಕಚೇರಿಯ ಕಂಪ್ಯೂಟರಿಗೆ ಅದೇ ಪ್ರಶ್ನೆ ಹಾಕುತ್ತದೆ.

ವೆಬ್ ಸೇವೆಯೆಂದರೆ ಇಷ್ಟೇ. ವೆಬ್ ಪುಟ ಮನುಷ್ಯರ ಕಣ್ಣಿಗಾಗಿ ಇರುವಂಥದ್ದು. ಬಣ್ಣ, ಚಿತ್ರ, ಗುಂಡಿಗಳೆಲ್ಲ ಅಲ್ಲಿ ಬೇಕು. ವೆಬ್ ಸೇವೆ ಇನ್ನೊಂದು ಕಂಪ್ಯೂಟರಿಗಾಗಿ ಇರುವಂಥದ್ದು. ನಿಗದಿಯಾದ ಪ್ರಶ್ನೆ, ನಿಗದಿಯಾದ ರೂಪದ ಉತ್ತರ, ಅದರಾಚೆ ಏನೂ ಇಲ್ಲ. 2000ದ ಆಸುಪಾಸಿನಲ್ಲಿ ಇದಕ್ಕೆ ಎರಡು ದಾರಿಗಳು ರೂಪುಗೊಂಡವು. ಒಂದರ ಹೆಸರು ‘ಸೋಪ್’. ತೊಳೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರಶ್ನೋತ್ತರಗಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವ ಕಟ್ಟುನಿಟ್ಟಾದ ಕ್ರಮ ಅದು. ಇನ್ನೊಂದು ‘ರೆಸ್ಟ್’. ರಾಯ್ ಫೀಲ್ಡಿಂಗ್ ಎಂಬಾತ 2000ದಲ್ಲಿ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ಹಗುರಾದ ದಾರಿ. ಇವುಗಳಲ್ಲಿ ಯಾವುದು ಮೇಲು ಎಂಬ ಜಗಳ ಎಂಜಿನಿಯರುಗಳಿಗೆ ಬಿಟ್ಟದ್ದು. ಹುಲಿಗೆಮ್ಮನಿಗೆ ಸೀಟು ಸಿಗುವುದು, ತಪ್ಪುವುದು ಆ ಜಗಳದ ಮೇಲೆ ನಿಂತಿಲ್ಲ. ಪ್ರಶ್ನೆಯನ್ನು ಯಾರಿಗೆ ಕೇಳಬೇಕು, ಉತ್ತರ ಬರದಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಯೋಚಿಸಿದ್ದಾರೆಯೇ ಎಂಬುದರ ಮೇಲೆ ನಿಂತಿದೆ.

ಸಿರುಗುಪ್ಪದ ರೈತರಿಗೆ ಇದನ್ನು ವಿವರಿಸಲು ಕಂಪ್ಯೂಟರಿನ ಭಾಷೆಯೇ ಬೇಕಿಲ್ಲ. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ನದಿಗೆ ಒಂದು ಕಡೆ ಅಡ್ಡಗಟ್ಟೆ, ಅಲ್ಲಿಂದ ಕಾಲುವೆ, ಕಾಲುವೆಯಿಂದ ತೂಬು, ತೂಬಿನಿಂದ ಗದ್ದೆ. ಪ್ರತಿಯೊಬ್ಬ ರೈತನೂ ತನ್ನ ಗದ್ದೆಯಿಂದ ಹೊಳೆಯವರೆಗೆ ತಾನೇ ಕಾಲುವೆ ತೋಡಿಕೊಂಡಿದ್ದರೆ ನೆಲವೆಲ್ಲ ಬರಿ ಕಾಲುವೆಯಾಗಿ ಭತ್ತಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಸರ್ಕಾರಿ ಇಲಾಖೆಗಳು ಕಂಪ್ಯೂಟರ್ ತಂದ ಆರಂಭದ ವರ್ಷಗಳಲ್ಲಿ ಬಹುಮಟ್ಟಿಗೆ ಮಾಡಿದ್ದು ಇದನ್ನೇ. ಒಂದೊಂದು ಇಲಾಖೆಗೂ ತನ್ನದೇ ತಂತ್ರಾಂಶ, ತನ್ನದೇ ಫಲಾನುಭವಿಗಳ ಪಟ್ಟಿ, ಒಂದೇ ಕುಟುಂಬದ ಹೆಸರನ್ನು ಏಳೆಂಟು ಕಡೆ ಏಳೆಂಟು ಸಲ ಬೆರಳಚ್ಚು ಮಾಡುವ ಕೆಲಸ.

ಭೂಮಿಯಿಂದ ವಿದ್ಯಾರ್ಥಿವೇತನದವರೆಗೆ

ನಮ್ಮ ರಾಜ್ಯದ ‘ಭೂಮಿ’ ಯೋಜನೆಯ ಕಥೆ ಈ ದೃಷ್ಟಿಯಿಂದ ಓದತಕ್ಕದ್ದು. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ಭೂಮಾಲೀಕರ ಲೆಕ್ಕವನ್ನು, ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 2000ದ ಹೊತ್ತಿಗೆ ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಈ ಕೊನೆಯ ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದೇ ಸಂಗತಿಗೆ ಎರಡು ಪುಸ್ತಕಗಳಿದ್ದರೆ ಯಾವುದು ನಿಜ ಎಂಬ ವ್ಯಾಜ್ಯ ತಪ್ಪುವುದಿಲ್ಲ. ಹಳೆಯ ಪುಸ್ತಕ ಮುಚ್ಚಿದ ಮೇಲೆಯೇ ಹೊಸದನ್ನು ಇತರರು ನೆಚ್ಚಬಹುದು.

ನೆಚ್ಚಿದರು ಕೂಡ. ಉಪನೋಂದಣಿ ಕಚೇರಿಗಳ ‘ಕಾವೇರಿ’ ತಂತ್ರಾಂಶದಲ್ಲಿ ಜಮೀನಿನ ಕ್ರಯ ನೋಂದಣಿಯಾದರೆ ಖಾತೆ ಬದಲಾವಣೆಗೆ ಬೇಕಾದ ಮಾಹಿತಿ ಭೂಮಿಗೆ ಹೋಗುವಂತಾಯಿತು. ರೈತನೊಬ್ಬ ತೆಗೆದ ಸಾಲ ಪಹಣಿಯ 11ನೆಯ ಕಾಲಂನಲ್ಲಿ ಕಾಣಿಸಿಕೊಳ್ಳುವ ಪದ್ಧತಿ ಹಳೆಯದು. ಬ್ಯಾಂಕಿನವರು ಅದನ್ನು ಕಂಪ್ಯೂಟರಿನಲ್ಲೇ ಮಾಡುವಂತಾಯಿತು. ಆಮೇಲೆ ರೈತರ ನೋಂದಣಿಗಾಗಿ ‘ಫ್ರೂಟ್ಸ್’ ಬಂತು. ಅದು ಜಮೀನಿನ ವಿವರವನ್ನು ಹೊಸದಾಗಿ ಬರೆದುಕೊಳ್ಳಲಿಲ್ಲ, ಭೂಮಿಯಿಂದಲೇ ಪಡೆಯಿತು. 2021ರಲ್ಲಿ ರೈತರ ಮಕ್ಕಳಿಗಾಗಿ ‘ರೈತ ವಿದ್ಯಾನಿಧಿ’ ಘೋಷಣೆಯಾದಾಗ ಪಿಯುಸಿ ಓದುವ ಹುಡುಗನಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಗೆ 3,000, ಸ್ನಾತಕೋತ್ತರ ಮತ್ತು ವೈದ್ಯಕೀಯ ಓದುವವರಿಗೆ 10,000 ಮತ್ತು 11,000 ಎಂದು ಗೊತ್ತುಮಾಡಿದರು. ತಂದೆಯೋ ತಾಯಿಯೋ ರೈತರೇ ಎಂಬುದನ್ನು ತಿಳಿಯಲು ‘ಕೃಷಿಕ ಪ್ರಮಾಣಪತ್ರ ತನ್ನಿ’ ಎನ್ನಲಿಲ್ಲ. ಫ್ರೂಟ್ಸ್ ಸಂಖ್ಯೆಯನ್ನು ನೋಡಿದರು.

ಭೂಮಿ ಕಟ್ಟಿದವರ ಮುಂದೆ ಆಗ ವಿದ್ಯಾರ್ಥಿವೇತನದ ಪ್ರಶ್ನೆ ಇರಲಿಲ್ಲ. ಇಪ್ಪತ್ತು ವರ್ಷಗಳ ಅನಂತರ ಯಾವುದೋ ಇಲಾಖೆ ಯಾವುದೋ ಹೊಸ ಕೆಲಸಕ್ಕೆ ಆ ಮಾಹಿತಿಯನ್ನು ಕೇಳಿತು, ಮಾಹಿತಿ ಸಿಕ್ಕಿತು. ಮರುಬಳಕೆಗೆ ಬರುವ ಸೇವೆ ಎನ್ನುವುದರ ಅರ್ಥ ಇದು. ಮುಂದೆ ಕೇಳುವವರು ಯಾರು ಎಂಬುದು ಕಟ್ಟುವವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಒಬ್ಬನ ಗದ್ದೆಯ ಅಳತೆಗೆ ತೂಬು ಕೂರಿಸಬಾರದು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪಹಣಿಯ 9ನೆಯ ಕಾಲಂ ಹೇಳುವುದು ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನು. ಹುಲಿಗೆಮ್ಮನ ಮನೆಯ ಜಮೀನು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿದೆ ಎನ್ನೋಣ. ಪೌತಿ ಖಾತೆ ಮಾಡಿಸಿಲ್ಲ; ಅಣ್ಣತಮ್ಮಂದಿರು ಒಟ್ಟಿಗೆ ಕೂತು ಮಾತಾಡುವ ದಿನ ಬಂದಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಮನೆಗಳು ಎಷ್ಟೋ. ಅವಳ ಅಪ್ಪ ಹುಟ್ಟಿದಾರಭ್ಯ ಗದ್ದೆಯಲ್ಲಿಯೇ ದುಡಿದವನು. ಆದರೆ ಭೂಮಿಯನ್ನು ಕೇಳಿ ನೋಡಿದರೆ ಅವನು ಭೂಮಾಲೀಕನಲ್ಲ. ಕಂದಾಯದ ಲೆಕ್ಕಕ್ಕೆ ಸರಿಯಾಗಿರುವ ಉತ್ತರ ವಿದ್ಯಾರ್ಥಿವೇತನದ ಲೆಕ್ಕಕ್ಕೆ ಅನ್ಯಾಯವಾಗುತ್ತದೆ. ಮಾಹಿತಿಯನ್ನು ಎರವಲು ಪಡೆದಾಗ ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತ್ತು ಎಂಬುದೂ ಜೊತೆಗೇ ಬರುತ್ತದೆ. ‘ಯಾರ ಹೆಸರಿನಲ್ಲಿದೆ’ ಎಂಬುದಕ್ಕೆ ಸಿಕ್ಕ ಉತ್ತರವನ್ನು ‘ಯಾರು ರೈತ’ ಎಂಬುದಕ್ಕೆ ಉತ್ತರವೆಂದು ಓದಿಕೊಂಡದ್ದು ತಂತ್ರಾಂಶದ ದೋಷವಲ್ಲ, ಯೋಜನೆ ಬರೆದವರ ಆಯ್ಕೆ. ಎಂಜಿನಿಯರಿಂಗ್ ಓದುವ ಮಕ್ಕಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ಹೆಸರು ನಂಬಬೇಡಿ, ಸಂಖ್ಯೆ ನಂಬಿ

ಊರಿನ ಹೆಸರನ್ನೇ ನೋಡಿ. ‘ಕೆಂಚನಗುಡ್ಡ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ‘ನ’ಕಾರಕ್ಕೆ ಒಬ್ಬರು ಸ್ವರ ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ‘ಬೆಳ್ಳಾರಿ’ ಎಂದು ಓದುವಂತಿದ್ದ ಜಿಲ್ಲೆಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ‘ಬಳ್ಳಾರಿ’ ಆಯಿತು. ಮನುಷ್ಯರಿಗೆ ಇವೆಲ್ಲ ಒಂದೇ. ಕಂಪ್ಯೂಟರಿಗೆ ಅಕ್ಷರ ಬದಲಾದರೆ ಊರೇ ಬದಲಾಯಿತು.

ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಆಮೇಲೆ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. ಅಲ್ಲಿಯ ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ. ಒಂದೇ ಮನೆಯ ಅಣ್ಣ, ತಂಗಿ, ಕಿರಿಯ ತಮ್ಮನ ಪ್ರಮಾಣಪತ್ರಗಳಲ್ಲಿ ಮಾತ್ರ ಬೇರೆಬೇರೆ ಜಿಲ್ಲೆಗಳಿರಬಹುದು. ಜಿಲ್ಲೆಯ ಹೆಸರನ್ನು ಹೋಲಿಸಿ ಒಪ್ಪುವ, ತಳ್ಳುವ ತಂತ್ರಾಂಶ ಇಂಥ ಕಡೆ ಎಡವಿ ಬೀಳುತ್ತದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ ಪ್ರತಿ ಗ್ರಾಮ, ಗ್ರಾಮ ಪಂಚಾಯಿತಿ, ತಾಲ್ಲೂಕು, ಜಿಲ್ಲೆಗೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟು ಸ್ಥಳೀಯ ಸಂಸ್ಥೆಗಳ ಕೋಶವೊಂದನ್ನು ಇಟ್ಟಿದೆ. ಹೆಸರು ಓದುವುದಕ್ಕೆ, ಸಂಕೇತ ಹೋಲಿಸುವುದಕ್ಕೆ.

ಕನ್ನಡದ ಅಕ್ಷರಗಳೇ ಒಂದು ಕಾಲಕ್ಕೆ ತೊಡಕಾಗಿದ್ದವು. ಒಂದೊಂದು ಕಚೇರಿಯ ಫಾಂಟಿನಲ್ಲಿ ಒಂದೊಂದು ಸಂಕೇತ. ಇಲ್ಲಿ ‘ಸಿರುಗುಪ್ಪ’ ಎಂದು ಟೈಪಿಸಿ ಕಳುಹಿಸಿದರೆ ಅಲ್ಲಿ ಚಿತ್ರವಿಚಿತ್ರ ಗೆರೆಗಳು ಮೂಡುತ್ತಿದ್ದವು. ಎಲ್ಲ ಕಡೆ ಯೂನಿಕೋಡ್ ಒಪ್ಪಿಕೊಂಡ ಮೇಲೆ ಅದು ನಿವಾರಣೆಯಾಯಿತು. ಇದನ್ನು ಸಣ್ಣ ಸುಧಾರಣೆಯೆಂದು ತಿಳಿಯಬೇಡಿ.

ಸಂಖ್ಯೆಯೂ ತಪ್ಪಾಗಬಹುದಲ್ಲ ಎಂದು ನೀವು ಕೇಳಬಹುದು. ಆಧಾರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿ ಒತ್ತಿ ನೋಡಿ, ಅಥವಾ ಪಕ್ಕಪಕ್ಕದ ಎರಡು ಬೇರೆ ಅಂಕಿಗಳನ್ನು ಅದಲುಬದಲು ಮಾಡಿ. ಆ ಸಂಖ್ಯೆ ಸರಿಯಲ್ಲವೆಂದು ಲೆಕ್ಕಹಾಕಿಯೇ ಹೇಳಬಹುದು. ಹನ್ನೆರಡರಲ್ಲಿ ಕೊನೆಯ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. ಈ ಲೆಕ್ಕವನ್ನು ಕೊಟ್ಟವರು ಹಾಲೆಂಡಿನ ಗಣಿತಜ್ಞ ವೆರ್‌ಹೂಫ್, 1969ರಲ್ಲಿ. ಗಣಿತದ ವಿದ್ಯಾರ್ಥಿಗಳು ಹುಡುಕಿ ಓದಿದರೆ ಒಂದು ಮಧ್ಯಾಹ್ನ ಚೆನ್ನಾಗಿ ಕಳೆಯುತ್ತದೆ.

‘ಇಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ

ಇಡೀ ವಿಷಯದಲ್ಲಿ ವಿದ್ಯಾರ್ಥಿಗಳ ಭವಿಷ್ಯಕ್ಕೆ ನೇರವಾಗಿ ತಟ್ಟುವ ಅಂಶ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ವಿದ್ಯಾರ್ಥಿವೇತನದ ಕಂಪ್ಯೂಟರು ನಾಡಕಚೇರಿಯ ಕಂಪ್ಯೂಟರನ್ನು ‘ಈ ಪ್ರಮಾಣಪತ್ರ ಇದೆಯೇ?’ ಎಂದು ಕೇಳಿತು. ಬರಬಹುದಾದ ಉತ್ತರ ಹೌದು, ಇಲ್ಲ ಎರಡೇ ಅಲ್ಲ. ಇದೆ ಎನ್ನಬಹುದು. ಇತ್ತು, ಅವಧಿ ಮುಗಿದಿದೆ ಎನ್ನಬಹುದು. ಆದಾಯ ಪ್ರಮಾಣಪತ್ರದ ಆಯುಸ್ಸು ಐದು ವರ್ಷ. ಇತ್ತು, ರದ್ದಾಗಿದೆ ಎನ್ನಬಹುದು. ಅಂಥ ಸಂಖ್ಯೆಯೇ ನಮ್ಮಲ್ಲಿಲ್ಲ ಎನ್ನಬಹುದು. ಕೊನೆಯದಾಗಿ, ಉತ್ತರವೇ ಬರದಿರಬಹುದು. ಅರ್ಜಿಯ ಕೊನೆಯ ದಿನ, ರಾಜ್ಯದ ಮಕ್ಕಳೆಲ್ಲ ಒಮ್ಮೆಗೇ ಮುಗಿಬಿದ್ದಿದ್ದಾರೆ, ನಾಡಕಚೇರಿಯ ಸರ್ವರ್ ಉಸಿರುಗಟ್ಟಿ ಕೂತಿದೆ.

ಮೌನಕ್ಕೂ ‘ಇಲ್ಲ’ ಎಂಬ ಉತ್ತರಕ್ಕೂ ಇರುವ ವ್ಯತ್ಯಾಸ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಆದರೆ ಅವಸರದಲ್ಲಿ ಬರೆದ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಉತ್ತರ ಬಾರದಿದ್ದರೆ ‘ಪ್ರಮಾಣಪತ್ರ ಅಮಾನ್ಯ’ ಎಂದು ಬರೆದು ಮುಂದೆ ಹೋಗುತ್ತದೆ. ಆ ಕ್ಷಣದಲ್ಲಿ ಹುಲಿಗೆಮ್ಮ ಮೀಸಲಾತಿ ಪ್ರವರ್ಗದಿಂದ ಸಾಮಾನ್ಯ ವರ್ಗಕ್ಕೆ ಜಾರುತ್ತಾಳೆ. ಸೀಟು ಹಂಚಿಕೆಯ ಸುತ್ತು ಅವಳಿಗಾಗಿ ಕಾಯುವುದಿಲ್ಲ. ಅವಳ ತಪ್ಪೇನೂ ಇಲ್ಲ, ನಾಡಕಚೇರಿಯ ಸಿಬ್ಬಂದಿಯ ತಪ್ಪೂ ಇಲ್ಲ. ಎರಡು ಯಂತ್ರಗಳ ನಡುವಿನ ತಂತಿಯಲ್ಲಿ ಎರಡು ನಿಮಿಷ ಸದ್ದಿರಲಿಲ್ಲ, ಅಷ್ಟೆ.

ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಈ ಐದು ಉತ್ತರಗಳಿಗೆ ಐದು ಬೇರೆ ದಾರಿಗಳಿರಬೇಕು. ಅವಧಿ ಮುಗಿದಿದ್ದರೆ ‘ಹೊಸದು ಮಾಡಿಸಿ, ಇಷ್ಟು ದಿನ ಸಮಯವಿದೆ’ ಎನ್ನಬೇಕು. ಉತ್ತರ ಬಾರದಿದ್ದರೆ ಅರ್ಜಿಯನ್ನು ಸ್ವೀಕರಿಸಿ, ‘ಪರಿಶೀಲನೆ ಬಾಕಿ’ ಎಂದು ಗುರುತು ಹಾಕಿ, ರಾತ್ರಿ ದಟ್ಟಣೆ ಇಳಿದ ಮೇಲೆ ತಾನೇ ಮತ್ತೆ ಕೇಳಬೇಕು. ತೆರೆಯ ಮೇಲೆ ಬರುವ ಮಾತು ಕನ್ನಡದಲ್ಲಿರಬೇಕು, ಮುಂದೇನು ಮಾಡಬೇಕೆಂದು ಹೇಳಬೇಕು. ಸಂಖ್ಯೆಯೊಂದನ್ನು ತೋರಿಸಿ ‘ದೋಷ’ ಎಂದು ಸುಮ್ಮನಾಗುವ ತೆರೆಯ ಮುಂದೆ ತಂದೆಮಗಳು ಸೈಬರ್ ಅಂಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು?

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ‘ಕೊನೆಭಾಗದ ರೈತರು’ ಎಂಬ ಮಾತು ಎಲ್ಲರಿಗೂ ಗೊತ್ತು. ಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿದರೂ ಕೊನೆಗೆ ತಲುಪುವುದು ಅನುಮಾನ. ವೆಬ್ ಸೇವೆಯನ್ನು ಬೆಂಗಳೂರಿನಲ್ಲಿ, ವೇಗದ ಸಂಪರ್ಕದಲ್ಲಿ ಕೂತು ಪರೀಕ್ಷಿಸಿ ‘ಚೆನ್ನಾಗಿದೆ’ ಎನ್ನುವುದು ಕಾಲುವೆಯ ತಲೆಯಲ್ಲಿ ನಿಂತು ಅಳತೆ ಹಿಡಿದ ಹಾಗೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ಶುಲ್ಕ ಕಟ್ಟುವ ಗುಂಡಿ ಒತ್ತಿದ್ದಾಯಿತು, ಅಷ್ಟರಲ್ಲಿ ಕರೆಂಟು ಹೋಯಿತು. ಹಣ ಹೋಯಿತೋ ಇಲ್ಲವೋ ತಿಳಿಯದೆ ಮತ್ತೆ ಒತ್ತುತ್ತೇವೆ. ಒಂದೇ ಅರ್ಜಿಯ ಒಂದೇ ಕೋರಿಕೆ ಎರಡು ಸಲ ಬಂದರೂ ಹತ್ತು ಸಲ ಬಂದರೂ ಹಣ ಒಂದೇ ಸಲ ಕಡಿತವಾಗುವಂತೆ, ಕೋರಿಕೆಗೆ ಮೊದಲೇ ಒಂದು ಸಂಖ್ಯೆ ಕೊಟ್ಟಿಡುವುದು ಸೇವೆ ಕಟ್ಟುವವರ ಕರ್ತವ್ಯ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡವರನ್ನು ಕಂಡಕ್ಟರು ಎರಡನೆಯ ಸಲ ಕೇಳಿದಾಗ ಟಿಕೆಟ್ ತೋರಿಸುತ್ತೇವೆ, ಮತ್ತೆ ದುಡ್ಡು ಕೊಡುವುದಿಲ್ಲ. ಅಷ್ಟು ಸರಳ.

ಕೇಳಿದ್ದಕ್ಕಷ್ಟೇ ಉತ್ತರ

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ಯೋಜನೆಗೆ 2021ರ ಮಾರ್ಗಸೂಚಿಯಂತೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಹಾಗಾದರೆ ಕೇಳಬೇಕಾದ ಪ್ರಶ್ನೆ ‘2.5 ಲಕ್ಷದ ಒಳಗಿದೆಯೇ?’ ಎಂಬುದಷ್ಟೇ. ನಿಖರವಾದ ಆದಾಯ, ಮನೆಯವರ ಹೆಸರು, ವಿಳಾಸ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಟ್ಟರೆ ಅವೆಲ್ಲ ಇನ್ನೊಂದು ಕಂಪ್ಯೂಟರಿನಲ್ಲಿ ನಕಲಾಗಿ ಕೂರುತ್ತವೆ. ನಕಲು ಹಳತಾಗುತ್ತದೆ. ಸೋರಿಯೂ ಹೋಗಬಹುದು. ಅಗತ್ಯಕ್ಕಿಂತ ಹೆಚ್ಚು ಹೇಳದಿರುವುದು ಒಳ್ಳೆಯ ಗುಮಾಸ್ತರ ಲಕ್ಷಣ. ಒಳ್ಳೆಯ ಸೇವೆಯದೂ ಹೌದು.

ಯುರೋಪಿನ ಎಸ್ಟೋನಿಯಾ ದೇಶದ ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು, ಎಂದರೆ ಅವಿಭಜಿತ ಬಳ್ಳಾರಿ ಜಿಲ್ಲೆಗಿಂತ ಕಡಿಮೆ. 2001ರಿಂದ ಅಲ್ಲಿ ‘ಎಕ್ಸ್-ರೋಡ್’ ಎಂಬ ಏರ್ಪಾಟು ಇದೆ. ಒಂದು ಇಲಾಖೆಯ ಬಳಿ ಇರುವ ಮಾಹಿತಿಯನ್ನು ಸಂಗ್ರಹಿಸಲು ಇನ್ನೊಂದು ಇಲಾಖೆ ಪ್ರತ್ಯೇಕ ದತ್ತಕೋಶ ಕಟ್ಟಬಾರದೆಂದು ಅಲ್ಲಿ ಕಾನೂನೇ ಇದೆ. ತನ್ನ ವಿವರವನ್ನು ಯಾವ ಕಚೇರಿ ನೋಡಿತು ಎಂಬುದನ್ನು ಪ್ರಜೆ ತಾನೇ ತೆರೆದು ನೋಡುವ ಸೌಲಭ್ಯವೂ ಇದೆ. ನಮ್ಮಲ್ಲಿ ಸರ್ಕಾರಿ ತಂತ್ರಾಂಶಗಳು ಪರಸ್ಪರ ಬಳಕೆಗೆ ತೆರೆದಿರಬೇಕೆಂಬ ಕೇಂದ್ರದ ನೀತಿ 2015ರಲ್ಲಿ ಬಂತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯಾಯಿತು. ‘ನನ್ನ ಪ್ರಮಾಣಪತ್ರವನ್ನು ಯಾರು, ಯಾವಾಗ ವಿಚಾರಿಸಿದರು’ ಎಂದು ಹುಲಿಗೆಮ್ಮ ತನ್ನ ಮೊಬೈಲಿನಲ್ಲಿ ಸುಲಭವಾಗಿ ನೋಡುವಂತಾದರೆ ಆ ಕಾಯಿದೆಗೆ ಹಳ್ಳಿಯಲ್ಲೂ ಅರ್ಥ ಬರುತ್ತದೆ.

ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದುವುದು

ಒಂದೇ ಮೂಲದಿಂದ ಎಲ್ಲರೂ ಕುಡಿಯುವಾಗ ಮೂಲ ಕಲಕಿದರೆ ಎಲ್ಲರ ಕೊಡದಲ್ಲೂ ಕೆಸರೇ. ಹಿಂದೆ ಒಂದು ಕಚೇರಿಯಲ್ಲಿ ತಪ್ಪಾದರೆ ಇನ್ನೊಂದು ಕಚೇರಿಯಲ್ಲಿ ಸರಿಯಿರುತ್ತಿತ್ತು. ಕಾಗದ ನೋಡಿದ ಗುಮಾಸ್ತರು ‘ಬಿಡಿ, ಒಂದಕ್ಷರ ತಾನೆ’ ಎನ್ನುತ್ತಿದ್ದರು. ಯಂತ್ರ ಹಾಗೆನ್ನುವುದಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ‘ಹುಲಿಗೆಮ್ಮ ಕೆ.’, ಆಧಾರ್‌ನಲ್ಲಿ ‘ಕೆ. ಹುಲಿಗೆಮ್ಮ’, ಪ್ರಮಾಣಪತ್ರದಲ್ಲಿ ಬರಿಯ ‘ಹುಲಿಗೆಮ್ಮ’. ಇಂಗ್ಲಿಷಿನಲ್ಲಿ ಒಂದು ಕಡೆ ಎರಡು ‘ಎಂ’, ಇನ್ನೊಂದು ಕಡೆ ಒಂದೇ. ಸಿಗಬೇಕಾದ ಹಣ ಇಷ್ಟಕ್ಕೆ ನಿಂತುಹೋಗಬಹುದು.

ಹೆತ್ತವರು ಇದನ್ನು ಪ್ರವೇಶದ ವಾರದಲ್ಲಿ ಅಲ್ಲ, ಮಗು ಎಂಟು, ಒಂಬತ್ತನೆಯ ತರಗತಿಯಲ್ಲಿರುವಾಗಲೇ ನೋಡಿಕೊಳ್ಳಬೇಕು. ಶಾಲೆಯ ಮಾಹಿತಿ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿದೆ. ಅದರಲ್ಲಿರುವ ಹೆಸರನ್ನು ಮುಖ್ಯೋಪಾಧ್ಯಾಯರ ಬಳಿ ಕೇಳಿ ನೋಡಿ. ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿದ ಮೇಲೆ ತಿದ್ದುಪಡಿ ಕಷ್ಟ. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಆದ್ದರಿಂದ ಯಾವುದಕ್ಕೆ ಹೊಂದಿಸಬೇಕೆಂದು ಮನೆಯಲ್ಲಿ ಕೂತು ನಿರ್ಧರಿಸಿಯೇ ಹೋಗಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಆರ್‌ಡಿ ಸಂಖ್ಯೆಯನ್ನು ನಾಡಕಚೇರಿಯ ತಾಣದಲ್ಲಿ ಹಾಕಿ, ಕಂಪ್ಯೂಟರು ಏನು ಹೇಳುತ್ತದೆಂದು ನೀವೇ ನೋಡಬಹುದು. ಕಾಗದ ಸರಿಯಿದ್ದರೆ ಸಾಲದು, ಕಂಪ್ಯೂಟರಿನ ಉತ್ತರ ಸರಿಯಿರಬೇಕು.

ಬ್ಯಾಂಕಿನ ಸಂಗತಿಯೂ ಹೀಗೆಯೇ. ವಿದ್ಯಾರ್ಥಿವೇತನ ಆಧಾರ್ ಮೂಲಕ ಜಮೆಯಾಗುವುದರಿಂದ ಅರ್ಜಿಯಲ್ಲಿ ಬರೆದ ಖಾತೆಯನ್ನು ಅದು ಲೆಕ್ಕಿಸುವುದಿಲ್ಲ. ಒಂದು ಆಧಾರ್ ಸಂಖ್ಯೆಗೆ ಯಾವ ಬ್ಯಾಂಕು ಎಂಬುದನ್ನು ರಾಷ್ಟ್ರೀಯ ಪಾವತಿ ನಿಗಮದ ಒಂದು ಪಟ್ಟಿ ಹೇಳುತ್ತದೆ. ಅಲ್ಲಿರುವುದು ಒಂದೇ ಬ್ಯಾಂಕು, ಕಟ್ಟಕಡೆಗೆ ಜೋಡಿಸಿದ್ದು. ಯಾವುದೋ ಶಿಬಿರದಲ್ಲಿ ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತಿರುವುದು ಹೀಗೆ. ಪಟ್ಟಿಯೊಂದು, ಕೇಳುವವರು ಹಲವರು: ಅಡುಗೆ ಅನಿಲದ ಸಹಾಯಧನ, ಪಿಎಂ ಕಿಸಾನ್, ವಿದ್ಯಾರ್ಥಿವೇತನ. ಅದನ್ನು ಸರಿಪಡಿಸಲು ನಿಮ್ಮ ಬ್ಯಾಂಕಿಗೆ ಹೋಗಬೇಕು. ಸಮಾಜ ಕಲ್ಯಾಣ ಇಲಾಖೆಗೆ ಎಷ್ಟು ಅಲೆದರೂ ಪ್ರಯೋಜನವಿಲ್ಲ, ಏಕೆಂದರೆ ಆ ಪಟ್ಟಿ ಅವರದ್ದಲ್ಲ.

ಕಟ್ಟುವವರು ಗಮನಿಸಬೇಕಾದ್ದು ಇಲ್ಲಿಯೇ ಇದೆ. ತಿರಸ್ಕರಿಸುವ ತೆರೆಯು ‘ಈ ವಿವರ ನಮ್ಮದಲ್ಲ, ಇಂಥ ಕಚೇರಿಯಿಂದ ಬಂದದ್ದು, ತಿದ್ದಲು ಅಲ್ಲಿಗೆ ಹೋಗಿ’ ಎಂದು ಹೇಳಬೇಕು. ತಿದ್ದಿದ ಮೇಲೆ ಕೇಳಿದ ಇಲಾಖೆಗಳಿಗೆಲ್ಲ ಆ ಸುದ್ದಿ ತಾನಾಗಿ ಮುಟ್ಟಬೇಕು. 2011ರ ಕಾಯಿದೆಯಂತೆ ಬಂದ ‘ಸಕಾಲ’ದಲ್ಲಿ ಅರ್ಜಿಗೆ ಸಂಖ್ಯೆಯೂ ಗಡುವೂ ಇದೆ, ಗಡುವು ಮೀರಿದರೆ ಮೇಲ್ಮನವಿಗೂ ಅವಕಾಶವಿದೆ. ಕಂಪ್ಯೂಟರುಗಳ ನಡುವಿನ ತಪ್ಪನ್ನು ತಿದ್ದುವುದಕ್ಕೂ ಅಂಥದೇ ಒಂದು ಸಂಖ್ಯೆ, ಒಂದು ಗಡುವು ಇರಬೇಡವೇ? ಹಣಕಾಸಿನ ದೃಷ್ಟಿಯಿಂದ ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಯಾವ ಇಲಾಖೆ ಹೊಣೆ ಹೊರಬೇಕು ಎಂಬುದರಲ್ಲೇ ಇದು ನಿಂತಿರುವುದು.

ಗಡಿಯಲ್ಲಿ ನಿಲ್ಲುವ ತೂಬು

ಸಿರುಗುಪ್ಪದಿಂದ ಆದವಾನಿ ದೂರವೇನಲ್ಲ. 1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಸಿರುಗುಪ್ಪ ಮೈಸೂರಿಗೆ ಬಂತು. ಹೆಣ್ಣು ಕೊಡುವುದು, ತರುವುದು, ಹತ್ತಿ ಮಾರುವುದು ನಿಲ್ಲಲಿಲ್ಲ. ಸೋದರಮಾವನ ಮನೆಯಲ್ಲಿದ್ದು ಆದವಾನಿಯಲ್ಲಿ ನಾಲ್ಕೈದು ವರ್ಷ ಓದಿ ಬಂದ ಮಕ್ಕಳು ಈ ಭಾಗದಲ್ಲಿ ಇದ್ದೇ ಇರುತ್ತಾರೆ.

ಅಂಥ ಮಗು ಕರ್ನಾಟಕದ ಸಿಇಟಿಗೆ ಅರ್ಜಿ ಹಾಕುವಾಗ ಎಷ್ಟು ವರ್ಷ ಎಲ್ಲಿ ಓದಿದೆ ಎಂಬ ಲೆಕ್ಕ ಕೊಡಬೇಕು. ಸಿರುಗುಪ್ಪದ ಶಾಲೆಯಲ್ಲಿ ಓದಿದ ವರ್ಷಗಳು ಎಸ್‌ಎಟಿಎಸ್‌ನಲ್ಲಿ ಇರುತ್ತವೆ. ಆದವಾನಿಯ ವರ್ಷಗಳು ಇರುವುದಿಲ್ಲ. ಅದು ಇನ್ನೊಂದು ರಾಜ್ಯದ ಶಿಕ್ಷಣ ಇಲಾಖೆಯ ಕಂಪ್ಯೂಟರು. ನಮ್ಮ ಎಸ್‌ಎಟಿಎಸ್‌ಗೆ ಅದರ ಪರಿಚಯವಿಲ್ಲ. ದೇಶಕ್ಕೆಲ್ಲ ಒಂದೇ ವಿದ್ಯಾರ್ಥಿ ಸಂಖ್ಯೆ ಕೊಡುವ ‘ಅಪಾರ್’ ಎಂಬ ಯೋಜನೆ 2023ರಿಂದೀಚೆಗೆ ಶಾಲೆಗಳಿಗೆ ಬಂದಿದೆ. ಆದರೆ ಹಿಂದಿನ ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕೆಂದರೆ ಅಪ್ಪನೋ ಅಣ್ಣನೋ ಬೆಳಿಗ್ಗೆ ಆದವಾನಿ ಬಸ್ಸು ಹತ್ತಿ, ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ, ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸಾಗಬೇಕು. ಜೊತೆಗೆ ನಾಲ್ಕು ಜೆರಾಕ್ಸ್ ಪ್ರತಿಯೂ ಇರಲಿ.